ಕಣ್ಣಿಗಿಂತ ಮೊದಲು ಕಿವಿ: ಕೇರ್ನ್ಸ್ ಕಾಡಿನ ಮೂರು ಹನಿಈಟರ್‌ಗಳನ್ನು ಗುರುತಿಸುವ ಬಗೆ

ನಾನು ಮೂಡಿಗೆರೆ ಕಡೆಯವಳು. ಹನ್ನೊಂದು ವರ್ಷದಿಂದ ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಕೇರ್ನ್ಸ್‌ನಲ್ಲಿದ್ದೇನೆ. ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸ್ ಕೆಲಸ. ವಾರಕ್ಕೆ ಮೂರು ರಾತ್ರಿ ಪಾಳಿ. ಪಾಳಿ ಮುಗಿದ ಮೇಲೆ ನೇರ ಮನೆಗೆ ಹೋಗಿ ಮಲಗುವುದಿಲ್ಲ. ಬೊಟಾನಿಕ್ ಗಾರ್ಡನ್‌ಗೆ ಹೋಗಿ ಒಂದು ಗಂಟೆ ಕೂತು ಬರುತ್ತೇನೆ. ಕೆಳಗೆ ಬರೆದಿರುವುದೆಲ್ಲ ಆ ಬೆಳಗುಗಳಲ್ಲಿ ಕಲಿತದ್ದು.

ಈ ಊರಿಗೆ ಬರುವ ನಮ್ಮವರು ಹವಳದ ದಿಬ್ಬ ನೋಡಿ, ಒಂದು ದಿನ ಕಾಡು ಸುತ್ತಿ ವಾಪಸ್ ಹೋಗುತ್ತಾರೆ. ಅವರಲ್ಲಿ ಹಕ್ಕಿ ಹುಚ್ಚಿರುವವರು ನನಗೆ ಫೋಟೋ ಕಳಿಸುತ್ತಾರೆ. "ಅಕ್ಕ, ಇದು ಯಾವ ಹಕ್ಕಿ? ಮೈಯೆಲ್ಲ ಹಸಿರು, ಕಿವಿ ಹತ್ತಿರ ಹಳದಿ ಚುಕ್ಕೆ." ನಾನು ತಿರುಗಿ ಕೇಳುವುದು ಒಂದೇ: "ಅದು ಹೇಗೆ ಕೂಗಿತು?" ಹೆಚ್ಚಿನವರಿಗೆ ಅದು ನೆನಪಿರುವುದಿಲ್ಲ. ಆಗ ನನಗೂ ಹೇಳಲು ಕಷ್ಟ. ಯಾಕೆಂದರೆ ಹಸಿರು ಮೈ, ಹಳದಿ ಚುಕ್ಕೆಯ ಹಕ್ಕಿ ಇಲ್ಲಿ ಒಂದಲ್ಲ, ಮೂರಿವೆ. ಮೂರೂ ಹನಿಈಟರ್, ಅಂದರೆ ಹೂವಿನ ಮಕರಂದ ಕುಡಿಯುವ ಹಕ್ಕಿಗಳು.

ಚಿಕ್ಕದು ಗ್ರೇಸ್‌ಫುಲ್ ಹನಿಈಟರ್. ನಡುವಿನದು ಯೆಲ್ಲೋ-ಸ್ಪಾಟೆಡ್ ಹನಿಈಟರ್. ದೊಡ್ಡದು ಲೆವಿನ್ಸ್ ಹನಿಈಟರ್. ನಮ್ಮ ಮನೆಯಲ್ಲಿ ಇವರನ್ನು ಚಿಕ್ಕಣ್ಣ, ನಡುವಣ್ಣ, ದೊಡ್ಡಣ್ಣ ಎಂದೇ ಕರೆಯುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ. ನನಗೆ ಜಾಸ್ತಿ ಇಷ್ಟ ಚಿಕ್ಕಣ್ಣ. ಅವನು ತಗ್ಗಿನ ಮಳೆಕಾಡಿನವನು, ಕಣ್ಣಿಗೆ ಬೀಳುವುದು ಕಡಿಮೆ, ಕಿವಿಗೆ ಬೀಳುವುದು ದಿನವೂ.

ಅಪ್ಪ ಹೇಳಿಕೊಟ್ಟದ್ದು

ಎರಡು ವರ್ಷ ನಾನು ಪುಸ್ತಕ ಹಿಡಿದು ಈ ಹಳದಿ ಚುಕ್ಕೆಯ ಹಿಂದೆ ಬಿದ್ದಿದ್ದೆ. ಚುಕ್ಕೆ ದುಂಡಗಿದೆಯೋ, ತ್ರಿಕೋನವೋ, ಚಂದ್ರನ ಹೋಳಿನ ಹಾಗಿದೆಯೋ ಎಂದು ಬೈನಾಕ್ಯುಲರ್‌ನಲ್ಲಿ ಕಣ್ಣು ನೋಯುವವರೆಗೆ ನೋಡುತ್ತಿದ್ದೆ. ಹಕ್ಕಿ ಎಲೆಯ ಹಿಂದೆ ಹೋಗುತ್ತಿತ್ತು. ಅಲ್ಲಿಗೆ ಮುಗಿಯಿತು.

2018ರ ಮಾರ್ಚ್‌ನಲ್ಲಿ ಅಪ್ಪ ಬಂದರು. ಕಾಫಿ ಕುಯ್ಲು ಮುಗಿಸಿ ಬಂದಿದ್ದರು. ದಿನಾ ಊರಿಗೆ ಫೋನ್ ಮಾಡಿ, ಹೂವಿನ ಮಳೆ ಬಂತಾ ಎಂದು ಕೇಳುತ್ತಿದ್ದರು. ಆಗ ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಿರಲಿಲ್ಲ. ಹತ್ತು ಮಾರು ದೂರದ ಮರ ಬರೀ ಹಸಿರು ಮುದ್ದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿಂದಿನ ವರಾಂಡದಲ್ಲಿ ಕೂರುತ್ತಿದ್ದರು. ಬೇಲಿಯಾಚೆ ಒಂದು ಅಂಬ್ರೆಲಾ ಮರ. ಕೊಡೆಯ ಕಡ್ಡಿಗಳ ಹಾಗೆ ಹೂವಿನ ಉದ್ದ ಕಡ್ಡಿಗಳು ಮೇಲೆದ್ದು ಹರಡಿಕೊಂಡಿರುತ್ತವೆ. ಆ ಕೆಂಪು ಹೂವಿಗೆ ಹಕ್ಕಿಗಳು ಮುತ್ತುತ್ತಿದ್ದವು.

ಮೂರನೇ ದಿನ ಅಪ್ಪ ಹೇಳಿದರು: "ಅಲ್ಲಿ ಎರಡು ಜಾತಿ ಇದಾವೆ ಕಣೇ. ಒಂದು ಅಡಿಕೆ ಕತ್ತರಿಸಿದ ಹಾಗೆ ಟಕ್ ಅನ್ನುತ್ತೆ. ಇನ್ನೊಂದು ಯಾರಿಗೋ ಬೈತಾ ಇದೆ."

ನಾನು ಅಲ್ಲಿಯವರೆಗೆ ಆ ಮರದಲ್ಲಿರುವುದು ಒಂದೇ ಜಾತಿ ಅಂದುಕೊಂಡಿದ್ದೆ. ಅಪ್ಪ ಪುಸ್ತಕ ನೋಡಿರಲಿಲ್ಲ, ಹಕ್ಕಿಯನ್ನೂ ನೋಡಿರಲಿಲ್ಲ. ತೋಟದಲ್ಲಿ ಕುಟ್ರು, ಸಿಳ್ಳಾರ, ಮಂಗಟ್ಟೆ ಎಲ್ಲವನ್ನೂ ಅವರು ಗುರುತು ಹಿಡಿಯುತ್ತಿದ್ದದ್ದು ಹೀಗೇ ಅಲ್ವಾ? ಕಾಫಿ ಗಿಡದ ನಡುವೆ ಬಗ್ಗಿ ಕೆಲಸ ಮಾಡುವವರಿಗೆ ತಲೆ ಎತ್ತಿ ಹಕ್ಕಿ ನೋಡಲು ಪುರುಸೊತ್ತು ಎಲ್ಲಿ? ಆದರೆ ಕಿವಿ ತೆರೆದೇ ಇರುತ್ತದೆ. ಅಂದಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಎಲ್ಲಿ ನಿಂತಿದ್ದೇನೆ ಎಂದು ನೋಡುವುದು. ಆಮೇಲೆ ಕಿವಿ, ಆಮೇಲೆ ಗಾತ್ರ, ಕೊಕ್ಕು. ಚುಕ್ಕೆ ಎಲ್ಲಕ್ಕಿಂತ ಕೊನೆಗೆ.

ಎಷ್ಟು ಎತ್ತರದಲ್ಲಿದ್ದೀರಿ?

ಇದು ಸುಲಭ, ಆದರೆ ಬಹಳ ಜನ ಬಿಟ್ಟುಬಿಡುತ್ತಾರೆ. ಕೇರ್ನ್ಸ್ ಊರು ಸಮುದ್ರದ ಮಟ್ಟದಲ್ಲಿದೆ. ಅದರ ಬೆನ್ನಿಗೇ ಬೆಟ್ಟ, ಬೆಟ್ಟದ ಮೇಲೆ ಆಥರ್ಟನ್ ಟೇಬಲ್‌ಲ್ಯಾಂಡ್ಸ್ ಎಂಬ ಎತ್ತರದ ಬಯಲು. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ನಮ್ಮೂರ ಕಡೆಗೆ ಬಂದ ಹಾಗೆ. ದೊಡ್ಡಣ್ಣ ಈ ಭಾಗದಲ್ಲಿ ಮುಖ್ಯವಾಗಿ ಘಟ್ಟದ ಮೇಲಿನವನು. ಚಿಕ್ಕಣ್ಣ, ನಡುವಣ್ಣ ಘಟ್ಟದ ಕೆಳಗಿನವರು, ಇಳಿಜಾರಿನಲ್ಲೂ ಸ್ವಲ್ಪ ಮೇಲಕ್ಕೆ ಸಿಗುತ್ತಾರೆ. ಹಾಗಾಗಿ ಊರೊಳಗೆ ಹಳದಿ ಚುಕ್ಕೆಯ ಹಸಿರು ಹಕ್ಕಿ ಕಂಡರೆ ಮೊದಲ ಅನುಮಾನ ಇವರಿಬ್ಬರ ಮೇಲೇ ಇರಲಿ. ಟೇಬಲ್‌ಲ್ಯಾಂಡ್ಸ್‌ನ ಈಚಮ್ ಕೆರೆ 700 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಕಂಡರೆ ದೊಡ್ಡಣ್ಣನನ್ನು ಮೊದಲು ನೆನೆಯಿರಿ.

ನಾನು ಹೊಸದರಲ್ಲಿ ಸಮುದ್ರದ ಪಕ್ಕದ ಪಾರ್ಕಿನಲ್ಲಿ ಲೆವಿನ್ಸ್ ಕಂಡೆ ಎಂದು ಪಟ್ಟಿಯಲ್ಲಿ ಬರೆದುಬಿಟ್ಟಿದ್ದೆ. ಇಲ್ಲಿನ ಹಿರಿಯ ಹಕ್ಕಿಪ್ರಿಯರೊಬ್ಬರು ಪ್ರೀತಿಯಿಂದ ಕೇಳಿದರು, "ಅಷ್ಟು ಕೆಳಗೆ? ಇನ್ನೊಮ್ಮೆ ನೋಡ್ತೀಯಾ?" ಮತ್ತೆ ಹೋಗಿ ನೋಡಿದೆ. ಯೆಲ್ಲೋ-ಸ್ಪಾಟೆಡ್.

ಇವು ಎಲ್ಲೆಲ್ಲಿವೆ ಎಂಬುದೂ ಒಂದು ಕತೆ. ದೊಡ್ಡಣ್ಣ ಪೂರ್ವ ಕರಾವಳಿಯುದ್ದಕ್ಕೂ ವಿಕ್ಟೋರಿಯಾದವರೆಗೆ ಇದ್ದಾನೆ. ನಡುವಣ್ಣ ಉತ್ತರ ಕ್ವೀನ್ಸ್‌ಲ್ಯಾಂಡ್ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಚಿಕ್ಕಣ್ಣ ಇಲ್ಲಿಯೂ ಇದ್ದಾನೆ, ಸಮುದ್ರದಾಚೆ ನ್ಯೂಗಿನಿಯ ದಕ್ಷಿಣದಲ್ಲೂ ಇದ್ದಾನೆ. ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ ಎರಡೂ ಒಂದೇ ನೆಲವಾಗಿತ್ತು. ನಡುವೆ ನೀರು ತುಂಬಿದ್ದು ಸುಮಾರು 8,000 ವರ್ಷಗಳ ಹಿಂದೆ. ನೀರು ಬಂತು, ಹಕ್ಕಿ ಎರಡೂ ದಡದಲ್ಲಿ ಉಳಿಯಿತು. ಬೆಳಗ್ಗೆ ಆ "ಟಕ್" ಕೇಳುವಾಗ ನನಗೆ ಇದು ನೆನಪಾಗುತ್ತದೆ.

ಕಿವಿಯ ಪಾಠ

ಬೊಟಾನಿಕ್ ಗಾರ್ಡನ್ ಊರ ಮಧ್ಯದಿಂದ ಕಾರಿನಲ್ಲಿ ಹತ್ತು ನಿಮಿಷ, ಎಡ್ಜ್ ಹಿಲ್ ಎಂಬ ಬಡಾವಣೆಯಲ್ಲಿ. ಟಿಕೆಟ್ ಇಲ್ಲ. ಅಲ್ಲಿಂದ ಸೆಂಟೆನರಿ ಲೇಕ್ಸ್ ಕಡೆಗೆ ಜೌಗು ಕಾಡಿನೊಳಗೆ ಮರದ ಹಲಗೆಯ ದಾರಿ ಹೋಗುತ್ತದೆ. ತಗ್ಗಿನ ಕಾಡು ಹೇಗಿತ್ತು ಎಂದು ನೋಡಲು ಊರೊಳಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಜೂನ್‌ನಲ್ಲಿ ಸೂರ್ಯ ಹುಟ್ಟುವಾಗ ಸುಮಾರು ಆರೂಮುಕ್ಕಾಲು ಗಂಟೆ ಆಗಿರುತ್ತದೆ, ಡಿಸೆಂಬರ್‌ನಲ್ಲಿ ಆರಕ್ಕೂ ಮೊದಲೇ ಸೂರ್ಯ ಮೇಲೆ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಸಾಕು. ಒಂಬತ್ತರ ಮೇಲೆ ಸೆಕೆ, ಹಕ್ಕಿಯೂ ತಣ್ಣಗೆ ಕೂರುತ್ತದೆ.

ಹಲಗೆ ದಾರಿಯಲ್ಲಿ ಒಂದು ಕಡೆ ನಿಲ್ಲಿ. ಬೈನಾಕ್ಯುಲರ್ ಎತ್ತಬೇಡಿ. ಹತ್ತು ನಿಮಿಷ ಕಣ್ಣು ಮುಚ್ಚಿ. ಒಂದು ಚಿಕ್ಕ ಪುಸ್ತಕದಲ್ಲಿ ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಇದಕ್ಕೆ ನಮ್ಮ ಲಿಪಿ ಎಷ್ಟು ಚೆನ್ನಾಗಿ ಒದಗುತ್ತದೆ ಎಂದರೆ, ನನ್ನ ಇಂಗ್ಲಿಷ್ ಗೆಳತಿಯರ ಪುಸ್ತಕದಲ್ಲಿ ಇಲ್ಲದ ವ್ಯತ್ಯಾಸಗಳು ನನ್ನ ಪುಸ್ತಕದಲ್ಲಿವೆ. ಟಕ್ ಬೇರೆ, ಠಕ್ ಬೇರೆ, ತಕ್ ಬೇರೆ. ಒತ್ತಕ್ಷರ, ದೀರ್ಘ ಎಲ್ಲ ಕೆಲಸಕ್ಕೆ ಬರುತ್ತವೆ.

ನನ್ನ ಪುಸ್ತಕದಲ್ಲಿ ಚಿಕ್ಕಣ್ಣನ ಪುಟ ಹೀಗಿದೆ: "ಟಕ್. (ಸುಮ್ಮನೆ.) ಟಕ್. (ಸುಮ್ಮನೆ.) ಪ್ಲಿಕ್." ಒಂದೇ ಸ್ವರ, ಗಟ್ಟಿ, ಒಣ. ಒಂದು ಹೇಳಿ ಸ್ವಲ್ಪ ಬಿಟ್ಟು ಇನ್ನೊಂದು. ಒಣಗಿದ ಗೋಟಡಿಕೆಯನ್ನು ಅಡಕತ್ತರಿಯಲ್ಲಿಟ್ಟು ಒತ್ತಿದಾಗ ಬರುವ ಸದ್ದು ನೆನೆಯಿರಿ. ಅಪ್ಪನ ಹೋಲಿಕೆಗಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ.

ನಡುವಣ್ಣನದು ಬೈಗುಳ. "ಈಯೂ, ಈಯೂ, ಈಯೂ, ಈಯೂ" ಎಂದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ದನಿ ಒರಟು. ದೊಡ್ಡಣ್ಣನದು ಒಂದೇ ಸಮನೆ "ಟುಟುಟುಟುಟುಟು". ಅಮ್ಮ ಹೊಲಿಗೆ ಮೆಷಿನ್ ಪೆಡಲ್ ಜೋರಾಗಿ ತುಳಿದಾಗ ಸೂಜಿ ಓಡುವ ಹಾಗೆ, ಆದರೆ ತುಂಬಾ ದೊಡ್ಡ ದನಿಯಲ್ಲಿ. ಕಾಡಿನಲ್ಲಿ ಬಹಳ ದೂರಕ್ಕೆ ಕೇಳುತ್ತದೆ.

ನಡುವಣ್ಣ, ದೊಡ್ಡಣ್ಣ ಇಬ್ಬರ ಕೂಗು ಮೊದಮೊದಲು ಗೊಂದಲ ಮಾಡುತ್ತದೆ. ನಾನು ಮಾಡಿಕೊಂಡ ಲೆಕ್ಕ ಇದು: ಕೂಗುವಾಗ ಬೆರಳು ಮಡಚಿ ಎಣಿಸಿ. ಎಣಿಸಲು ಆದರೆ ನಡುವಣ್ಣ. ಎಣಿಸುವಷ್ಟರಲ್ಲಿ ಮುಗಿದುಹೋದರೆ ದೊಡ್ಡಣ್ಣ. ನೂರಕ್ಕೆ ನೂರು ಸರಿ ಬರುವುದಿಲ್ಲ, ಆದರೆ ಶುರು ಮಾಡಲು ಸಾಕು.

ಬರುವ ಮೊದಲು ಮನೆಯಲ್ಲಿ ಕೇಳಿಕೊಂಡು ಬರಬಹುದು. ಕ್ಸೀನೋ-ಕ್ಯಾಂಟೋ ಎಂಬ ವೆಬ್‌ಸೈಟ್‌ನಲ್ಲಿ ಮೂರರ ಕೂಗೂ ಪುಕ್ಕಟೆಯಾಗಿ ಸಿಗುತ್ತದೆ. ಅಡುಗೆ ಮಾಡುವಾಗ ಹಾಕಿಕೊಂಡಿರಿ, ಒಂದು ವಾರದಲ್ಲಿ ತಲೆಯಲ್ಲಿ ಕೂರುತ್ತದೆ. ಆದರೆ ಕೈಮುಗಿದು ಕೇಳುತ್ತೇನೆ, ಕಾಡಿನೊಳಗೆ ಆ ಕೂಗನ್ನು ಫೋನಿನಲ್ಲಿ ಹಾಕಿ ಹಕ್ಕಿಯನ್ನು ಕರೆಯಬೇಡಿ. ತನ್ನ ಜಾಗಕ್ಕೆ ಬೇರೆಯವನು ಬಂದ ಎಂದು ಅದು ಊಟ ಬಿಟ್ಟು, ಗೂಡು ಬಿಟ್ಟು ಹುಡುಕುತ್ತದೆ. ಪುಟ್ಟ ಹಕ್ಕಿಯ ಒಂದು ಬೆಳಗನ್ನು ನಮ್ಮ ಫೋಟೋಗಾಗಿ ಹಾಳು ಮಾಡುವುದು ಸರಿಯಲ್ಲ.

ಪಿಕಳಾರವೇ ಅಳತೆಗೋಲು

ಪುಸ್ತಕದಲ್ಲಿ ಚಿಕ್ಕಣ್ಣ 14ರಿಂದ 16 ಸೆಂಟಿಮೀಟರ್, ದೊಡ್ಡಣ್ಣ 20 ಆಸುಪಾಸು ಎಂದಿರುತ್ತದೆ. ಮೂವತ್ತು ಅಡಿ ಎತ್ತರದಲ್ಲಿರುವ ಹಕ್ಕಿಗೆ ಸ್ಕೇಲ್ ಹಿಡಿಯುವವರು ಯಾರು? ನಮಗೆ ಇದಕ್ಕಿಂತ ಒಳ್ಳೆ ಅಳತೆ ಇದೆ. ಚಿಕ್ಕಣ್ಣ ನಮ್ಮ ಗುಬ್ಬಿಯಷ್ಟು, ಆದರೆ ಇನ್ನೂ ತೆಳು. ದೊಡ್ಡಣ್ಣ ಜುಟ್ಟಿಲ್ಲದ ಪಿಕಳಾರದಷ್ಟು, ಮೈಕಟ್ಟೂ ಗಟ್ಟಿ. ನಡುವಣ್ಣ ಹೆಸರೇ ಹೇಳುವಂತೆ ಮಧ್ಯೆ. ಗುಬ್ಬಿ, ಪಿಕಳಾರ ನೋಡಿ ಬೆಳೆದವರ ಕಣ್ಣಿನಲ್ಲಿ ಈ ಎರಡು ಗಾತ್ರ ಅಚ್ಚಾಗಿರುತ್ತವೆ. ಮೊದಲ ನೋಟಕ್ಕೆ "ಗುಬ್ಬಿಯಾ, ಪಿಕಳಾರವಾ?" ಎಂದು ಕೇಳಿಕೊಳ್ಳಿ. ಮನಸ್ಸು ಕೊಡುವ ಮೊದಲ ಉತ್ತರವನ್ನು ನಂಬಿ.

ಇನ್ನೊಂದು ಉಪಾಯ, ಹೂಬಿಟ್ಟ ಅಥವಾ ಹಣ್ಣಾದ ಮರದ ಕೆಳಗೆ ಕಾಯುವುದು. ಒಂದೇ ಮರಕ್ಕೆ ಇಬ್ಬರೂ ಬಂದಾಗ ನಡುವಣ್ಣ ಚಿಕ್ಕಣ್ಣನನ್ನು ಅಟ್ಟುತ್ತಾನೆ. ಅಟ್ಟಿಸಿಕೊಂಡು ಓಡುವವನು ಚಿಕ್ಕವನು. ನಡುವಣ್ಣ ಧೈರ್ಯಸ್ಥ, ತೋಟದ ಮನೆಗಳಲ್ಲಿ ಊಟದ ಮೇಜಿನ ಹತ್ತಿರವೂ ಬರುತ್ತಾನೆ. ಚಿಕ್ಕಣ್ಣ ಹೂವಿನ ಅಂಚಿನಲ್ಲಿ ಒಂದು ಗುಟುಕು ಕುಡಿದು ಎಲೆಯೊಳಗೆ ಹೋಗುತ್ತಾನೆ, ಆಮೇಲೆ ಅಲ್ಲಿಂದ "ಟಕ್".

ಕೊಕ್ಕನ್ನು ಪಕ್ಕದಿಂದ ನೋಡಬೇಕು. ಚಿಕ್ಕಣ್ಣನ ಕೊಕ್ಕು ಆ ಪುಟ್ಟ ತಲೆಗೆ ಉದ್ದವೇ ಆಯಿತು ಅನ್ನಿಸುತ್ತದೆ. ತೆಳು, ತುದಿ ಸ್ವಲ್ಪ ಕೆಳಕ್ಕೆ ಬಾಗಿದೆ. ನಮ್ಮ ಸೂರಕ್ಕಿಯ ಕೊಕ್ಕಿನ ಅರ್ಧ ದಾರಿಗೆ ಬಂದ ಹಾಗೆ. ಉಳಿದಿಬ್ಬರದು ದಪ್ಪ, ಮೋಟು.

ಸೂರಕ್ಕಿ ಎಂದೆ, ಅದಕ್ಕೇ ಒಂದು ಮಾತು. ಹೂವಿನ ಮಕರಂದ ಕುಡಿಯುತ್ತವೆ ಎಂದು ಇವೆರಡನ್ನೂ ನೆಂಟರು ಅಂದುಕೊಳ್ಳಬೇಡಿ. ಹನಿಈಟರ್‌ಗಳದು ಬೇರೆಯೇ ಕುಟುಂಬ. ಸುಮಾರು 190 ಜಾತಿ, ಹೆಚ್ಚಿನವು ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯಲ್ಲಿ. ನಮ್ಮ ದೇಶದಲ್ಲಿ ಒಂದೂ ಇಲ್ಲ. ಇವುಗಳ ನಾಲಿಗೆಯ ತುದಿ ಸೀಳಿ ಸೀಳಿ ಬ್ರಶ್ಶಿನ ಹಾಗಾಗಿದೆ. ಅದನ್ನು ಹೂವಿನೊಳಗೆ ಬಿಟ್ಟು ಬಿಟ್ಟು ತೆಗೆದು ಮಕರಂದ ಎಳೆದುಕೊಳ್ಳುತ್ತವೆ. ಬೆಂಗಳೂರಿನ ರಸ್ತೆ ಬದಿಯ ಬಾಟಲ್ ಬ್ರಶ್ ಮರ, ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್, ಎರಡೂ ಮೂಲದಲ್ಲಿ ಈ ದೇಶದವು. ಈ ಬಗೆಯ ಹೂಗಳ ಜೊತೆಗೇ ಹನಿಈಟರ್‌ಗಳು ಬೆಳೆದು ಬಂದವು. ಊರಿಗೆ ಹೋದಾಗ ಸಿಲ್ವರ್ ಓಕಿನ ಕಿತ್ತಳೆ ಹೂವಿನಲ್ಲಿ ಸೂರಕ್ಕಿ ಕೂತದ್ದು ಕಂಡರೆ, ಅಲ್ಲಿ ಇನ್ಯಾರೋ ಇರಬೇಕಿತ್ತು ಅನ್ನಿಸುತ್ತದೆ. ಅಂದ ಹಾಗೆ ಚಿಕ್ಕಣ್ಣ ಬರೀ ಮಕರಂದದ ಮೇಲೆ ಬದುಕುವುದಿಲ್ಲ, ಹುಳುಹುಪ್ಪಟೆ, ಕಾಡುಹಣ್ಣು ಎಲ್ಲವೂ ಬೇಕು.

ಈಗ ಚುಕ್ಕೆ

ಇಷ್ಟೆಲ್ಲ ಆದ ಮೇಲೆ ಚುಕ್ಕೆ ನೋಡಿ. ದೊಡ್ಡಣ್ಣನದು ದೊಡ್ಡದು, ಬಿದಿಗೆ ಚಂದ್ರನ ಹಾಗೆ ಬಾಗಿದೆ. ನಡುವಣ್ಣನದು ಮೂಲೆ ಸವೆದ ತ್ರಿಕೋನ. ಚಿಕ್ಕಣ್ಣನದು ಚಿಕ್ಕದು, ದುಂಡಗೆ. ಆದರೆ ಅದು ಗರಿ, ಬಣ್ಣ ಬಳಿದ ಗುರುತಲ್ಲ. ಹಕ್ಕಿ ಮಳೆಯಲ್ಲಿ ನೆಂದಿದ್ದರೆ, ಕತ್ತು ತಿರುಗಿಸಿದರೆ, ಗರಿ ಉಬ್ಬಿಸಿದರೆ ಆಕಾರ ಬದಲಾಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿ ಮಳೆಗಾಲ, ಆಗ ಎಲ್ಲ ಹಕ್ಕಿಯೂ ಒದ್ದೆ. ಕೊಕ್ಕಿನ ಮೂಲೆಯಿಂದ ಕಣ್ಣಿನ ಕೆಳಗೆ ಹೋಗುವ ಹಳದಿ ಗೆರೆ ಮೂವರಿಗೂ ಇದೆ, ಅದನ್ನು ನೆಚ್ಚಬೇಡಿ. ಬ್ರೌನ್ ಹನಿಈಟರ್ ಎಂಬ ಇನ್ನೊಂದಕ್ಕೂ ಕಣ್ಣಿನ ಹಿಂದೆ ಚೂರು ಹಳದಿ ಇದೆ. ಅದು ಕಂದು ಬಣ್ಣದ್ದು, ಚುಕ್ಕೆ ಕಣ್ಣಿಗೆ ಅಂಟಿಕೊಂಡೇ ಇರುತ್ತದೆ.

ಫೋಟೋ ತೆಗೆಯುವವರಿಗೆ: ಕಾಡಿನೊಳಗೆ ಬೆಳಕು ಬಹಳ ಕಡಿಮೆ, ಈ ಹಕ್ಕಿ ಒಂದು ಕಡೆ ನಿಲ್ಲುವುದಿಲ್ಲ. ಶಟರ್ 1/500ಕ್ಕಿಂತ ಕೆಳಗೆ ಇಳಿಸಬೇಡಿ, ಐಎಸ್‌ಒ ಏರಿದರೆ ಏರಲಿ. ಸ್ವಲ್ಪ ಕಾಳು ಕಾಳಾದ ಫೋಟೋದಲ್ಲಿ ಕೊಕ್ಕು ಕಾಣುತ್ತದೆ, ಅಲುಗಾಡಿದ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದ ಒಂದು ಫೋಟೋ ಸಿಕ್ಕರೆ ಎದುರಿನಿಂದ ತೆಗೆದ ಇಪ್ಪತ್ತಕ್ಕೆ ಸಮ.

ಗೂಡು ಕಂಡರೆ ಹತ್ತಿರ ಹೋಗಬೇಡಿ. ತೆಳ್ಳಗಿನ ಕವಲು ಕೊಂಬೆಯಿಂದ ತೂಗುವ ಪುಟ್ಟ ಬಟ್ಟಲು ಅದು, ನಾರು, ಜೇಡರ ಬಲೆ ಸೇರಿಸಿ ಹೆಣೆದದ್ದು. ನಾನು ಒಂದು ಸಲ ಮಾತ್ರ ಕಂಡಿದ್ದೇನೆ. ನನ್ನ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕದು. ಗಾಳಿ ಬಂದಾಗ ಎಲೆಯ ಜೊತೆ ಎಲೆಯಾಗಿ ಆಡುತ್ತಿತ್ತು. ಎರಡು ನಿಮಿಷ ನೋಡಿ ಬಂದುಬಿಟ್ಟೆ. ಎಲ್ಲಿದೆ ಎಂದು ಯಾರಿಗೂ ಹೇಳಲಿಲ್ಲ.

ಮನೆ ಹಿಂದೆ ಸಕ್ಕರೆ ನೀರು, ಜೇನು ಇಟ್ಟು ಕರೆಯುವ ಆಸೆ ಇಲ್ಲಿ ನೆಲೆಸಿದ ನಮ್ಮವರಿಗೂ ಇರುತ್ತದೆ. ಬೇಡ. ಒಂದೇ ಬಟ್ಟಲಿಗೆ ಹತ್ತು ಹಕ್ಕಿ ಕೊಕ್ಕು ಹಾಕಿದರೆ ಕಾಯಿಲೆ ಹರಡುತ್ತದೆ. ಜೊತೆಗೆ ಜಗಳಗಂಟ ಹಕ್ಕಿಗಳು ಬಟ್ಟಲನ್ನು ಹಿಡಿದುಕೊಂಡು ಚಿಕ್ಕಣ್ಣನಂಥವರನ್ನು ಅಂಗಳಕ್ಕೇ ಬಿಡುವುದಿಲ್ಲ. ಅದರ ಬದಲು ಒಂದು ಬಾಟಲ್ ಬ್ರಶ್ ನೆಡಿ. ತಾನಾಗಿಯೇ ಬರುತ್ತದೆ.

ಕಾಡಿಗೆ ಹೋಗುವಾಗ

ಮಲೆನಾಡಿನವರಿಗೆ ಅರ್ಧ ಪಾಠ ಗೊತ್ತೇ ಇದೆ. ಉಂಬಳ ಇಲ್ಲೂ ಇದೆ, ಉದ್ದ ಕಾಲುಚೀಲ ಹಾಕಿ. ಬೆತ್ತ ಇಲ್ಲೂ ಇದೆ, ನಮ್ಮ ಘಟ್ಟದ ಬೆತ್ತದ ಹತ್ತಿರದ ಸಂಬಂಧಿ. ಕೊಕ್ಕೆ ಮುಳ್ಳು ಬಟ್ಟೆಗೆ ಸಿಕ್ಕಿದರೆ ಎಳೆಯಬೇಡಿ, ಹಿಂದಕ್ಕೆ ಹೆಜ್ಜೆಯಿಟ್ಟು ಬಿಡಿಸಿಕೊಳ್ಳಿ. ಗೊತ್ತಿಲ್ಲದ್ದು ಗಿಂಪಿ-ಗಿಂಪಿ ಗಿಡ. ಹೃದಯದ ಆಕಾರದ ದೊಡ್ಡ ಎಲೆ, ನವಿರು ರೋಮ, ಬಿಸಿಲು ಬೀಳುವ ದಾರಿಯಂಚಿನಲ್ಲಿ ಬೆಳೆಯುತ್ತದೆ. ಮುಟ್ಟಿದರೆ ನೋವು ತಿಂಗಳುಗಟ್ಟಲೆ ಮರಳಿ ಬರಬಹುದು. ತಲೆಯೆತ್ತಿ ಹಕ್ಕಿ ನೋಡುತ್ತಾ ದಾರಿ ಬಿಟ್ಟು ಹೋಗಲೇಬೇಡಿ. ನೀರಿನ ಹತ್ತಿರ ಮೊಸಳೆಯ ಬೋರ್ಡ್ ಇದ್ದರೆ ಅದು ನಿಜವಾದ ಮೊಸಳೆಯ ಬಗ್ಗೆಯೇ.

ಮೂವರನ್ನೂ ಒಂದೇ ದಿನ ಕೇಳಬೇಕೆಂದರೆ ಹೀಗೆ ಮಾಡಿ. ಬೆಳಗಿನ ಮೊದಲ ಗಂಟೆ ಬೊಟಾನಿಕ್ ಗಾರ್ಡನ್‌ನಲ್ಲಿ ಚಿಕ್ಕಣ್ಣ ಮತ್ತು ನಡುವಣ್ಣನ ದನಿ ಕಿವಿಗೆ ಹಚ್ಚಿಕೊಳ್ಳಿ. ಆಮೇಲೆ ಘಟ್ಟ ಹತ್ತಿ ಕುರಂಡಾಗೆ ಹೋಗಿ, ಅರ್ಧ ಗಂಟೆಯ ದಾರಿ. ಸುಮಾರು 330 ಮೀಟರ್ ಎತ್ತರದ ಆ ಊರಿನ ಸುತ್ತ ಮೂವರ ಜಾಗವೂ ಕೂಡುತ್ತದೆ, ಹಾಗಾಗಿ ಪರೀಕ್ಷೆ ಅಲ್ಲಿಯೇ. ಅಲ್ಲಿ ತಡಕಾಡಿದರೆ ಬೇಜಾರು ಬೇಡ. ಮೇಲೆ ಈಚಮ್ ಕೆರೆಗೆ ಹೋಗಿ ದೊಡ್ಡಣ್ಣನನ್ನು ಒಬ್ಬನನ್ನೇ ಚೆನ್ನಾಗಿ ಕೇಳಿ, ಇಳಿಯುವಾಗ ಮತ್ತೆ ಕುರಂಡಾದಲ್ಲಿ ನಿಲ್ಲಿ. ನಾನು ಕಲಿತದ್ದು ಹಾಗೆ ಹತ್ತಿ ಇಳಿದೇ.

ಕೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫೋನನ್ನು ಕೈಯಲ್ಲಿ ಹಿಡಿಯುವ ಬದಲು ಕಂಬಿಯ ಮೇಲೋ ಬ್ಯಾಗಿನ ಮೇಲೋ ಇಡಿ, ಇಲ್ಲದಿದ್ದರೆ ಬೆರಳಿನ ಸದ್ದೇ ಹಕ್ಕಿಗಿಂತ ಜೋರು. ಶುರುವಿನಲ್ಲಿ ಜಾಗ, ತಾರೀಕು, ಹೊತ್ತು ಹೇಳಿ. ಆಮೇಲೆ ಅರ್ಧ ನಿಮಿಷ ಉಸಿರು ಬಿಗಿಹಿಡಿದವರ ಹಾಗೆ ಸುಮ್ನೆ ನಿಲ್ಲಿ. ನಾನು ಹಾಗೆ ಮಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಅಪ್ಪನಿಗೆ ಕಳಿಸುತ್ತೇನೆ. ಅವರ ಕಣ್ಣಿನ ಆಪರೇಷನ್ ಆಗಿ ಈಗ ಎಲ್ಲ ಚೆನ್ನಾಗಿ ಕಾಣುತ್ತದೆ, ಆದರೂ ಫೋಟೋ ಕೇಳುವುದಿಲ್ಲ. ಮೊನ್ನೆ ಕಳಿಸಿದ್ದಕ್ಕೆ ಮಧ್ಯಾಹ್ನ ಉತ್ತರ ಬಂತು: "ಮುಂದೆ ಚಿಕ್ಕಣ್ಣ. ಹಿಂದೆ ದೂರದಲ್ಲಿ ನಡುವಣ್ಣ ಇದಾನೆ, ನೀನು ಬರೆದಿಲ್ಲ." ಮತ್ತೆ ಹಾಕಿ ಕೇಳಿದೆ. ಹದಿನೇಳನೇ ಸೆಕೆಂಡಿನಲ್ಲಿ ಇದ್ದಾನೆ.